ಬೋಳುತಲೆಯ ವಿಜ್ಞಾನಿ ಮತ್ತು ನಾವು

"ಮುಂದಿನ ಸಂಚಿಕೆಗೆ ಏನಾದರೂ ಬರೀರಿ, ಆದರೆ ಈ ಸಲ ಸಾಹಿತ್ಯದ ಬಗ್ಗೆ ಇರಲಿ" ಎಂದು ಸಂಪಾದಕರು ಹೋದ ಗೋಷ್ಠಿಯಲ್ಲಿ ನಗುತ್ತಲೇ ಎಚ್ಚರಿಕೆ ಕೊಟ್ಟಿದ್ದರು. ಕ್ಷಮೆಯಿರಲಿ. ನಾವು ಬರೆಯಹೊರಟಿರುವುದು ಕಾಮಿಕ್ಸ್ ಬಗ್ಗೆ. ಅದೂ ಹೀರೋ ಬಗ್ಗೆ ಅಲ್ಲ. ಪ್ರತಿ ಕಥೆಯ ಕೊನೆಗೂ ಜೈಲು ಸೇರಿ, ಮುಂದಿನ ಕಥೆಯ ಮೊದಲ ಪುಟದಲ್ಲೇ ಜೈಲಿನಿಂದ ತಪ್ಪಿಸಿಕೊಳ್ಳುವ ಬೋಳುತಲೆಯ ವಿಜ್ಞಾನಿ ಲೆಕ್ಸ್ ಲೂಥರ್ ಬಗ್ಗೆ. ಇದು ಸಾಹಿತ್ಯವೋ ಅಲ್ಲವೋ ಎಂಬ ಜಗಳವನ್ನು ಮುಂದಿನ ಗೋಷ್ಠಿಯಲ್ಲಿ ಕಾಫಿಯ ಜೊತೆ ಆಡೋಣ.

ಇದಕ್ಕೆಲ್ಲ ಕಾರಣ ನಮ್ಮ ಹದಿಮೂರು ವರ್ಷದ ಮಗ. ಫ್ರೀಮಾಂಟ್ ಲೈಬ್ರರಿಯಿಂದ ಹಳೆಯ ಸೂಪರ್‌ಮ್ಯಾನ್ ಕಥೆಗಳ ದಪ್ಪ ಸಂಕಲನವೊಂದನ್ನು ತಂದು ಸೋಫಾದ ಮೇಲೆ ಮಲಗಿ ಓದುತ್ತಿದ್ದವನು ಇದ್ದಕ್ಕಿದ್ದಂತೆ ಕೇಳಿದ: "ಅಪ್ಪಾ, ಈ ಲೂಥರ್‌ಗೆ ಟೀಮೇ ಇಲ್ವಾ? ಇಷ್ಟು ದೊಡ್ಡ ರೋಬಾಟ್‌ನ ಒಬ್ನೇ ಹೇಗೆ ಮಾಡಿದ? ನಿನ್ನ ಆಫೀಸಲ್ಲಿ ಒಂದು ಬಟನ್ ಬದಲಾಯಿಸೋಕೆ ಮೂರು ವಾರ ಬೇಕು ಅಂತೀಯಲ್ಲ!"

ನಕ್ಕು ಸುಮ್ಮನಾದೆವು. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ. ಅವನು ಓದಿ ಬಿಟ್ಟ ಸಂಕಲನವನ್ನು ನಾವು ಹಿಡಿದೆವು. ಒಂದು ತಿಂಗಳಲ್ಲಿ ಇನ್ನೂ ನಾಲ್ಕು ಪುಸ್ತಕ ತಂದೆವು. (ಮನೆಯಾಕೆ "ಮಗನಿಗೆ ಓದಿಸ್ತೀನಿ ಅಂತ ಹೇಳಿ ನೀವೇ ಓದ್ತಾ ಇದ್ದೀರಲ್ಲ" ಎಂದಿದ್ದನ್ನು ಇಲ್ಲಿ ದಾಖಲಿಸಬೇಕು.)

ನಮ್ಮ ತಲೆಮಾರಿಗೆ ಈ ಪಾತ್ರ ಹೊಸದೇನಲ್ಲ. ಬೇಸಿಗೆ ರಜೆಯಲ್ಲಿ ಐವತ್ತು ಪೈಸೆ ಬಾಡಿಗೆಗೆ ತಂದು, ಸಂಜೆಯೊಳಗೆ ಹಿಂದಿರುಗಿಸಬೇಕಿದ್ದ ಕನ್ನಡದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್, ಮ್ಯಾಂಡ್ರೇಕ್ ಇದ್ದರು. ಬಾಲಮಂಗಳದಲ್ಲಿ ಡಿಂಗ ಇದ್ದ. 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಶುರುವಾದ ಮೇಲೆ ಡಾಕ್ಟರ್ ಜಾಕಾಲ್ ಎಂಬ ವಿಜ್ಞಾನಿ ಕಣ್ಣರಳಿಸಿ ಕೂಗುವುದನ್ನು ನಮ್ಮ ಬೀದಿಯ ಚಿಕ್ಕ ಮಕ್ಕಳೆಲ್ಲ ಅಣಕಿಸುತ್ತಿದ್ದರು. ಆಗ ನಾವು ಸಿಇಟಿ ಗುಂಗಿನಲ್ಲಿದ್ದೆವು. ಎಂಜಿನಿಯರಿಂಗ್ ಬಿಟ್ಟರೆ ಬದುಕಿಲ್ಲ ಎನ್ನುವ ಮನೆ. ಟಿವಿಯಲ್ಲಿ ನೋಡಿದರೆ ಲ್ಯಾಬಿನಲ್ಲಿರುವವನೇ ಕೆಟ್ಟವನು. ಎರಡೂ ಒಂದೇ ಕೋಣೆಯಲ್ಲಿ ನಡೆಯುತ್ತಿದ್ದರೂ ಯಾರಿಗೂ ವಿಚಿತ್ರವೆನಿಸಲಿಲ್ಲ.

ಈಗ ಲೂಥರ್‌ಗೆ ಬರೋಣ. ಸೂಪರ್‌ಮ್ಯಾನ್ ಬಂದಿದ್ದು 1938ರಲ್ಲಿ. ಮರುವರ್ಷವೇ ಅಲ್ಟ್ರಾ-ಹ್ಯೂಮನೈಟ್ ಎಂಬ ಹುಚ್ಚು ವಿಜ್ಞಾನಿ ಅವನಿಗೆ ಎದುರಾದ. ಅಂದ ಹಾಗೆ, ಮೊದಲು ಬೋಳುತಲೆಯಿದ್ದದ್ದು ಇವನಿಗೆ. 1940ರಲ್ಲಿ ಕಾಣಿಸಿಕೊಂಡ ಲೂಥರ್‌ಗೆ ಕೆಂಪು ಕೂದಲಿತ್ತು. ಒಂದು ವರ್ಷದೊಳಗೆ ಚಿತ್ರಕಾರರ ಕೈಯಲ್ಲಿ ಅದು ಮಾಯವಾಯಿತು. ಹೋದ ಕೂದಲಿಗೆ ಕಾರಣ ಕೊಟ್ಟಿದ್ದು ಇಪ್ಪತ್ತು ವರ್ಷದ ಮೇಲೆ, 1960ರ ಒಂದು ಕಥೆಯಲ್ಲಿ. ಬರೆದವನು ಸೂಪರ್‌ಮ್ಯಾನ್ ಸೃಷ್ಟಿಕರ್ತರಲ್ಲಿ ಒಬ್ಬನಾದ ಜೆರ್ರಿ ಸೀಗೆಲ್. ಹುಡುಗ ಲೂಥರ್ ಊರಿನ ಹೀರೋ ಸೂಪರ್‌ಬಾಯ್‌ಗೆ ಅಪಾಯವೊಂದರಲ್ಲಿ ನೆರವಾಗುತ್ತಾನೆ. ಕೃತಜ್ಞತೆಯಿಂದ ಸೂಪರ್‌ಬಾಯ್ ಅವನಿಗೆ ಲ್ಯಾಬ್ ಕಟ್ಟಿಕೊಡುತ್ತಾನೆ. ಲೂಥರ್ ಹಗಲು ರಾತ್ರಿ ದುಡಿದು ಅಲ್ಲಿ ಜೀವವಿರುವ ಪದಾರ್ಥವನ್ನೇ ತಯಾರಿಸುತ್ತಾನೆ. ಲ್ಯಾಬಿಗೆ ಬೆಂಕಿ ಬೀಳುತ್ತದೆ. ಸೂಪರ್‌ಬಾಯ್ ಬಾಯಿಂದ ಗಾಳಿ ಊದಿ ಬೆಂಕಿ ಆರಿಸುವ ಭರದಲ್ಲಿ ರಾಸಾಯನಿಕಗಳು ಲೂಥರ್ ಮೇಲೆ ಬಿದ್ದು ಕೂದಲು ಉದುರುತ್ತದೆ. ಅಲ್ಲಿಂದ ಜೀವಮಾನದ ದ್ವೇಷ.

"ಕೂದಲು ಹೋಯಿತೆಂದು ಖಳನಾದವನು" ಎಂದು ಎಲ್ಲರೂ ಇದನ್ನು ಗೇಲಿ ಮಾಡುತ್ತಾರೆ. ನಾವೂ ಮಾಡಿದ್ದೇವೆ. ಕಥೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಬೆಂಕಿಯಲ್ಲಿ ಹೋದದ್ದು ಕೂದಲು ಮಾತ್ರವಲ್ಲ, ಅವನು ಮಾಡಿದ ಜೀವವೂ ಸತ್ತಿತು. ಬ್ಯಾಕಪ್ ಇಲ್ಲದೆ ಹಾರ್ಡ್‌ಡಿಸ್ಕ್ ಕಳೆದುಕೊಂಡವರಿಗೆ ಆ ಹುಡುಗನ ಮುಖ ಅರ್ಥವಾದೀತು. ಕಥೆಗಾರನಿಗೆ ಇದು ಗೊತ್ತಿತ್ತು ಎನ್ನುವುದು ನಮ್ಮ ಗುಮಾನಿ. ಆದರೆ ಮಕ್ಕಳ ಪುಸ್ತಕವಲ್ಲವೇ, ದುಃಖವನ್ನು ತಮಾಷೆಯ ಕೆಳಗೆ ಮುಚ್ಚಿಟ್ಟ.

ಇರಲಿ, ನಮ್ಮ ಮಗನ ಪ್ರಶ್ನೆ ಬೇರೆ. ಟೀಮ್ ಎಲ್ಲಿ? ಈ ಕಥೆಗಳ ತುಂಬ ಹುಡುಕಿದೆವು. ಲೂಥರ್‌ಗೆ ಗೂಂಡಾಗಳು ಸಿಗುತ್ತಾರೆ, ಸಹೋದ್ಯೋಗಿಗಳು ಸಿಗುವುದಿಲ್ಲ. ಶಿಷ್ಯರಿಲ್ಲ, ಗುರುವಿಲ್ಲ, ಅನುದಾನದ ಅರ್ಜಿಯಿಲ್ಲ, ಸೋಮವಾರದ ಮೀಟಿಂಗ್ ಇಲ್ಲ. ಅವನಂತೆಯೇ ಡಾಕ್ಟರ್ ಡೂಮ್ (1962), ಅವನಂತೆಯೇ ಸ್ಪೈಡರ್‌ಮ್ಯಾನ್‌ನ ಎದುರಾಳಿ ಡಾಕ್ಟರ್ ಆಕ್ಟೋಪಸ್ (1963). ಆಕ್ಟೋಪಸ್‌ಗಂತೂ ಬೇರೆಯವರ ಕೈಗಳೇ ಬೇಡ, ತನ್ನದೇ ನಾಲ್ಕು ಯಾಂತ್ರಿಕ ತೋಳುಗಳಿವೆ. ನಮ್ಮ ಪುರಾಣದಲ್ಲಿ ಹೀಗಿಲ್ಲ, ನೋಡಿ. ಅಸುರರ ಪಕ್ಷದ ದೊಡ್ಡ ವಿಜ್ಞಾನಿ ಯಾರು? ಶುಕ್ರಾಚಾರ್ಯರು. ಸತ್ತವರನ್ನು ಬದುಕಿಸುವ ಸಂಜೀವಿನಿ ವಿದ್ಯೆ ಅವರದು. ಅವರಿಗೆ ಆಶ್ರಮವಿದೆ, ಮುದ್ದಿನ ಮಗಳಿದ್ದಾಳೆ, ಶಿಷ್ಯರಿದ್ದಾರೆ, ಕಿರಿಕಿರಿ ಮಾಡುವ ರಾಜನಿದ್ದಾನೆ. ಶತ್ರುಪಕ್ಷದ ಹುಡುಗ ಕಚ ಬಂದು ಕಲಿಸಿ ಎಂದರೆ ಅವನನ್ನೂ ಸೇರಿಸಿಕೊಳ್ಳುತ್ತಾರೆ. ವಿದ್ಯೆ ಅಲ್ಲಿ ಮನೆಮಂದಿಯ ನಡುವೆ ಇದೆ, ಹಾಗಾಗಿ ಅದರ ಅನಾಹುತವೂ ಮನೆಮಂದಿಯ ನಡುವೆಯೇ ಆಗುತ್ತದೆ.

ಅಮೆರಿಕದ ಈ ಒಂಟಿ ವಿಜ್ಞಾನಿ ಕೇವಲ ಕಲ್ಪನೆಯ ಸೋಮಾರಿತನ ಎಂದುಕೊಂಡಿದ್ದೆವು. 1945ರ ಒಂದು ಪ್ರಸಂಗ ಓದಿದ ಮೇಲೆ ಹಾಗೆನ್ನಿಸುತ್ತಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ದಿನಪತ್ರಿಕೆಗಳಲ್ಲಿ ಬರುತ್ತಿದ್ದ ಸೂಪರ್‌ಮ್ಯಾನ್ ಚಿತ್ರಮಾಲೆಯಲ್ಲಿ ಒಬ್ಬ ಪ್ರೊಫೆಸರ್ ಸೂಪರ್‌ಮ್ಯಾನ್‌ಗೆ ಸವಾಲು ಹಾಕುತ್ತಾನೆ: ನಿಜಕ್ಕೂ ಅಷ್ಟು ಶಕ್ತಿಯಿದ್ದರೆ ಸೈಕ್ಲೋಟ್ರಾನ್ ಯಂತ್ರದ ಕಣಗಳ ಏಟನ್ನು ತಡೆದುಕೋ! ಬರೆದವನು ಆಲ್ವಿನ್ ಶ್ವಾರ್ಟ್ಸ್. ಅವನಿಗೆ ಮ್ಯಾನ್‌ಹ್ಯಾಟನ್ ಪ್ರಾಜೆಕ್ಟ್‌ನ ಗಂಧಗಾಳಿಯೂ ಇರಲಿಲ್ಲ. ಆದರೆ ಅಣುಬಾಂಬಿನ ಗುಟ್ಟು ಕಾಯುತ್ತಿದ್ದವರು ಬೆಚ್ಚಿಬಿದ್ದರು. ಅಧಿಕಾರಿಗಳ ಕೋರಿಕೆಯಂತೆ ಕಥೆ ದಿಕ್ಕು ಬದಲಿಸಿತು. ಸೂಪರ್‌ಮ್ಯಾನ್ ಅಣುವನ್ನು ಬಿಟ್ಟು ಬೇಸ್‌ಬಾಲ್ ಆಡಲು ಹೋದ. ಲೂಥರ್ ಅಣುಶಕ್ತಿಯ ಆಯುಧ ಹಿಡಿದು ಬರುವ ಇನ್ನೊಂದು ಕಥೆಯನ್ನು ತಡೆಹಿಡಿದು, ಯುದ್ಧ ಮುಗಿದ ಮೇಲೆ 1946ರ ಆರಂಭದಲ್ಲಷ್ಟೇ ಹೊರಬಿಟ್ಟರು.

ಈ ಸೈಕ್ಲೋಟ್ರಾನ್ ಎಲ್ಲಿಯದು? ನಮ್ಮ ಊರಿನದೇ! 1931ರಲ್ಲಿ ಬರ್ಕ್ಲಿಯಲ್ಲಿ ಅರ್ನೆಸ್ಟ್ ಲಾರೆನ್ಸ್ ಮತ್ತು ಅವರ ವಿದ್ಯಾರ್ಥಿ ಲಿವಿಂಗ್‌ಸ್ಟನ್ ಕೆಲಸ ಮಾಡಿಸಿ ತೋರಿಸಿದ ಮೊದಲ ಸೈಕ್ಲೋಟ್ರಾನ್ ಅಂಗೈ ಮೇಲೆ ಇಡಬಹುದಾದಷ್ಟು ಚಿಕ್ಕದು. 1939ರಲ್ಲಿ ಲಾರೆನ್ಸ್‌ಗೆ ನೊಬೆಲ್ ಬಂತು. ಯಂತ್ರ ಬೆಳೆಯುತ್ತ ಹೋಯಿತು. ಬರ್ಕ್ಲಿ ಗುಡ್ಡದ ಮೇಲಿನ ಲಾರೆನ್ಸ್ ಹಾಲ್ ಆಫ್ ಸೈನ್ಸ್‌ಗೆ ಮಕ್ಕಳನ್ನು ಕರೆದುಕೊಂಡು ಹೋದವರು ಹೊರಗೆ ನಿಲ್ಲಿಸಿರುವ ದೈತ್ಯ ಆಯಸ್ಕಾಂತವನ್ನು ನೋಡಿರುತ್ತೀರಿ. ಅದು ಲಾರೆನ್ಸ್‌ರ 37 ಇಂಚಿನ ಸೈಕ್ಲೋಟ್ರಾನ್‌ನದು. ನಾವು ಅದರ ಮುಂದೆ ಮಗನನ್ನು ನಿಲ್ಲಿಸಿ ಫೋಟೋ ತೆಗೆದಿದ್ದೇವೆ, ಅದೇನೆಂದು ಓದದೆ.

ಆ ವಿದ್ಯೆಯಿಂದಲೇ ಯುರೇನಿಯಂ ಬೇರ್ಪಡಿಸುವ ಯಂತ್ರ ಬಂತು. ಹೆಸರು ಕ್ಯಾಲ್ಯುಟ್ರಾನ್, ಅದರಲ್ಲಿರುವ 'ಕ್ಯಾಲ್' ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು. ಟೆನೆಸ್ಸಿಯ ಓಕ್ ರಿಜ್‌ನಲ್ಲಿ ಅಂಥ ಯಂತ್ರಗಳ ಸಾಲು ಸಾಲು ಇಟ್ಟು, ಅವುಗಳ ಮುಂದೆ ಎತ್ತರದ ಸ್ಟೂಲುಗಳ ಮೇಲೆ ಹೆಚ್ಚಾಗಿ ಹೈಸ್ಕೂಲು ಮುಗಿಸಿದ ಹುಡುಗಿಯರನ್ನು ಕೂರಿಸಿದರು. ಮುಳ್ಳು ಈ ಗೆರೆ ದಾಟಿದರೆ ಗುಂಡಿಯನ್ನು ಈ ಕಡೆ ತಿರುಗಿಸು, ಆ ಗೆರೆ ದಾಟಿದರೆ ಆ ಕಡೆ. ಏನು ಮಾಡುತ್ತಿದ್ದೇವೆಂದು ಅವರಿಗೆ ಹೇಳಿರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಅವರಿಗೆ ತಿಳಿದದ್ದು 1945ರ ಆಗಸ್ಟ್‌ನಲ್ಲಿ, ಹಿರೋಶಿಮಾ ಉರಿದ ಮೇಲೆ. ಇಡೀ ಯೋಜನೆಯಲ್ಲಿ ಒಂದು ಹಂತದಲ್ಲಿ ಸುಮಾರು 1,25,000 ಮಂದಿ ಕೆಲಸ ಮಾಡುತ್ತಿದ್ದರು.

ಒಂದು ಕಡೆ ಒಂದೂಕಾಲು ಲಕ್ಷ ಜನ. ಇನ್ನೊಂದು ಕಡೆ ಕಾಗದದ ಮೇಲೆ, ಗುಹೆಯೊಳಗೆ ಒಬ್ಬನೇ ಬಾಂಬು ಮಾಡುವ ಬೋಳುತಲೆಯವನು. ಸರ್ಕಾರ ಕಾಮಿಕ್ಸ್‌ಗೆ ಹೆದರಿದ್ದು ಯಂತ್ರದ ಹೆಸರಿಗೆ. ಹೆದರಬೇಕಾಗಿರಲಿಲ್ಲ ಎನ್ನಿಸುತ್ತದೆ, ಆ ಕಥೆಗಳು ಹೇಳಬಾರದ್ದನ್ನು ಹೇಳಲು ಹೊರಟೇ ಇರಲಿಲ್ಲ. ಬಾಂಬು ಹೇಗೆ ಆಗುತ್ತದೆ, ಎಷ್ಟು ಸಭ್ಯ ಜನ ಸೇರಿ ಎಷ್ಟು ಶಿಸ್ತಿನಿಂದ ಮಾಡುತ್ತಾರೆ ಎಂಬುದನ್ನು ಮುಚ್ಚಿಡಲು ಲೂಥರ್‌ಗಿಂತ ಒಳ್ಳೆಯ ಪರದೆ ಬೇರೆ ಯಾವುದು? ಇದರ ಇನ್ನೊಂದು ಮುಖವೂ ಇದೆ. 1962ರಲ್ಲಿ ಬಂದ ಹಲ್ಕ್ ಕಥೆಯಲ್ಲಿ ಗಾಮಾ ಬಾಂಬನ್ನು ಸೈನ್ಯಕ್ಕಾಗಿ ಮಾಡಿದವನು ಬ್ರೂಸ್ ಬ್ಯಾನರ್. ಅವನು ಖಳನಲ್ಲ, ನಾಯಕ. ಖಳ ಯಾರೆಂದರೆ ಬಾಂಬಿನ ಗುಟ್ಟು ಕದಿಯಲು ಬಂದ ಗೂಢಚಾರ! ಸಂಬಳಕ್ಕೆ ಮಾಡಿದರೆ ಎಂಜಿನಿಯರ್, ಸ್ವಂತಕ್ಕೆ ಮಾಡಿದರೆ ರಾಕ್ಷಸ. (2003ರಲ್ಲಿ ಆಂಗ್ ಲೀ ಇದೇ ಕಥೆಯನ್ನು ಬರ್ಕ್ಲಿಗೆ ತಂದು, ಖಳನ ಪಾತ್ರವನ್ನು ನಾಯಕನ ಅಪ್ಪನಿಗೇ ಕೊಟ್ಟ. ಸಿನಿಮಾ ಉದ್ದವಾಯಿತೆಂದು ಎಲ್ಲರೂ ಗೊಣಗಿದರು. ನಮಗಂತೂ ಹಿಡಿಸಿತು.)

ನಮ್ಮವರಿಗೆ ಈ ಭೂಗೋಳ ದೂರದ್ದಲ್ಲ. ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗದ ಕನ್ನಡಿಗರು ಈ ಕೊಲ್ಲಿಯ ಸುತ್ತ ಕಡಿಮೆ. ಮಗುವಿನ ಅನ್ನಪ್ರಾಶನ, ಹೊಸ ಕಾರಿನ ಪೂಜೆ, ಆಮೇಲೆ ಪುಳಿಯೋಗರೆ. ಅದೇ ಊರಿನಲ್ಲಿ, ಕೆಲವೇ ಮೈಲಿ ಆಚೆ, 1952ರಿಂದ ಅಣ್ವಸ್ತ್ರಗಳನ್ನು ವಿನ್ಯಾಸ ಮಾಡುವ ಪ್ರಯೋಗಾಲಯವಿದೆ. 1977ರಲ್ಲಿ ಅಲ್ಲಿ ಇಪ್ಪತ್ತು ಕಿರಣಗಳ ದೊಡ್ಡ ಲೇಸರ್ ಕಟ್ಟಿ, ಅನೇಕ ತೋಳುಗಳ ದೇವರೆಂದು ಅದಕ್ಕೆ 'ಶಿವ' ಎಂದೇ ಹೆಸರಿಟ್ಟರು. ಬೈಜಿಕ ಸಮ್ಮಿಲನದ ಸಂಶೋಧನೆಗೆ ಕಟ್ಟಿದ್ದು ಅದು. ಅದರ ಮೊಮ್ಮಗನಂಥ ಯಂತ್ರ 2022ರ ಡಿಸೆಂಬರ್‌ನಲ್ಲಿ, ಹಾಕಿದ ಲೇಸರ್ ಶಕ್ತಿಗಿಂತ ಹೆಚ್ಚು ಶಕ್ತಿಯನ್ನು ಸಮ್ಮಿಲನದಿಂದ ಪಡೆದು ಸುದ್ದಿಯಾಯಿತು. ಇದನ್ನೆಲ್ಲ ಮಾಡಿದವರು ಖಳರೇ? ಖಂಡಿತ ಅಲ್ಲ. ಅದೇ ಕಷ್ಟ. ಬರ್ಕ್ಲಿಯಲ್ಲಿ ಆರ್ಥರ್ ರೈಡರ್ ಬಳಿ ಸಂಸ್ಕೃತ ಕಲಿತು ಗೀತೆ ಓದಿದ ಓಪನ್‌ಹೈಮರ್ ಖಳನೇ? 2023ರ ಸಿನಿಮಾ ಬಂದಾಗ ನಮ್ಮವರು ಗೀತೆಯ ಬಗ್ಗೆ ಹೆಮ್ಮೆಪಟ್ಟುಕೊಂಡಷ್ಟು ಈ ಪ್ರಶ್ನೆಯ ಬಗ್ಗೆ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ.

ಹಾಗಾದರೆ ಲೂಥರ್ ಕಥೆಗಳೆಲ್ಲ ಸುಳ್ಳೇ? ಇಲ್ಲ. ಒಂದು ಕಥೆಗಾಗಿ ನಾವು ಉಳಿದ ನೂರನ್ನು ಮನ್ನಿಸಲು ಸಿದ್ಧರಿದ್ದೇವೆ. 1963ರದು, ಬರೆದವನು ಎಡ್ಮಂಡ್ ಹ್ಯಾಮಿಲ್ಟನ್, ಚಿತ್ರ ಕರ್ಟ್ ಸ್ವಾನ್. ಸೂಪರ್‌ಮ್ಯಾನ್‌ಗೆ ಯಾವ ಶಕ್ತಿಯೂ ನಡೆಯದ, ಕೆಂಪು ಸೂರ್ಯನಿರುವ ಗ್ರಹಕ್ಕೆ ಇಬ್ಬರೂ ಹೋಗುತ್ತಾರೆ, ಬರಿಗೈಯಲ್ಲಿ ಕಾದಾಡಿ ತೀರಿಸಿಕೊಳ್ಳೋಣ ಎಂದು. ಅಲ್ಲಿ ಜನರಿದ್ದಾರೆ, ನೀರಿಲ್ಲ. ಅವರ ಪೂರ್ವಿಕರ ಯಂತ್ರಗಳಿವೆ, ನಡೆಸುವ ವಿದ್ಯೆ ಮರೆತಿದೆ. ಲೂಥರ್ ಆ ಯಂತ್ರಗಳನ್ನು ಎಬ್ಬಿಸುತ್ತಾನೆ. ಮೊದಲು ತನ್ನ ಲಾಭಕ್ಕೇ. ಆದರೆ ಬಾಯಾರಿದವರು ಅವನನ್ನು ನಂಬುತ್ತಾರೆ, ಅವನ ಸುತ್ತ ನೆರೆಯುತ್ತಾರೆ, ಅವನೇ ತಮ್ಮ ನಾಯಕ ಎನ್ನುತ್ತಾರೆ. ಮೊದಲ ಸಲ ಅವನಿಗೆ ಕಾಯುವ ಜನ ಸಿಗುತ್ತಾರೆ. ಅವರಿಗೆ ಬೇಕಾದಷ್ಟು ನೀರು ಆ ಗ್ರಹದಲ್ಲಿಲ್ಲ ಎಂದೂ ಅವನಿಗೆ ತಿಳಿಯುತ್ತದೆ. ಅದನ್ನು ಬೇರೆಡೆಯಿಂದ ತರಬಲ್ಲವನು ಶಕ್ತಿ ಮರಳಿ ಪಡೆದ ಸೂಪರ್‌ಮ್ಯಾನ್ ಒಬ್ಬನೇ. ಕೊನೆಯ ಕಾಳಗದಲ್ಲಿ ಗೆಲ್ಲಬಹುದಾಗಿದ್ದ ಲೂಥರ್ ಸೋತಂತೆ ನಟಿಸುತ್ತಾನೆ. ಸೆರೆಯಾಗಿ ಹೊರಡುತ್ತಾನೆ. ಆ ಗ್ರಹಕ್ಕೆ ನೀರು ಬರುತ್ತದೆ. ಗ್ರಹಕ್ಕೆ ಮುಂದೆ ಅವನದೇ ಹೆಸರು, ಲೆಕ್ಸೋರ್.

ಇದನ್ನು ಓದಿದ ರಾತ್ರಿ ನಮಗೆ ನೆನಪಾದದ್ದು ನಾಗಚಂದ್ರ. ಪಂಪರಾಮಾಯಣದ ರಾವಣನೂ ವಿದ್ಯಾಧರ, ವಿದ್ಯೆಗಳನ್ನು ಸಾಧಿಸಿದವನು. ಒಪ್ಪದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹಿಡಿದವನು. ಸೀತೆ ಮೂರ್ಛೆ ಹೋಗಿದ್ದನ್ನು ಕಂಡು ಅವನ ಮನಸ್ಸು ತಿರುಗುತ್ತದೆ, ಪಶ್ಚಾತ್ತಾಪ ಪಡುತ್ತಾನೆ, ಒಪ್ಪಿಸಿಬಿಡಬೇಕೆಂದುಕೊಳ್ಳುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆಂದಾರು. ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಆಮೇಲೆ ಒಪ್ಪಿಸುತ್ತೇನೆ ಎಂದು ಹೊರಡುತ್ತಾನೆ. ಆ ಒಂದು ಷರತ್ತು ಅವನನ್ನು ಕೊಲ್ಲುತ್ತದೆ. ಗೆದ್ದು ಕೊಡುತ್ತೇನೆ ಎಂದ ರಾವಣ, ಸೋತು ಕೊಡಿಸಿದ ಲೂಥರ್. ಹನ್ನೆರಡು ಸೆಂಟಿನ ಹಾಳೆಯ ಪುಸ್ತಕದ ಖಳ ನಮ್ಮ ಮಹಾಕಾವ್ಯದ ಪ್ರತಿನಾಯಕ ದಾಟಲಾಗದ ಹೊಸ್ತಿಲನ್ನು ದಾಟಿಬಿಟ್ಟ ಎಂದರೆ ಪಂಡಿತರು ಬೈದಾರು. ಬೈಯಲಿ. ಆದರೆ ನಾಗಚಂದ್ರನ ದೊಡ್ಡತನ ಬೇರೆ ಕಡೆ ಇದೆ. ಅವನು ರಾವಣನನ್ನು ಹುಚ್ಚನೆನ್ನುವುದಿಲ್ಲ. ಒಳ್ಳೆಯವನ ಒಳಗೆ ತಪ್ಪು ಹೇಗೆ ಕಾಲಿಡುತ್ತದೆಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತಾನೆ. ಓದುವವನಿಗೆ ತಾನೂ ಅಲ್ಲಿರಬಹುದಿತ್ತು ಎನ್ನಿಸುತ್ತದೆ. ಕಾಮಿಕ್ಸ್‌ನಲ್ಲಿ ಹಾಗನ್ನಿಸುವುದು ಅಪರೂಪ. ಲೆಕ್ಸೋರ್ ಕೂಡ ಉಳಿಯಲಿಲ್ಲ. 1983ರಲ್ಲಿ ಬಂದ ಕಥೆಯಲ್ಲಿ ಸೂಪರ್‌ಮ್ಯಾನ್ ಮೇಲಿನ ಹಗೆ ಕೆರಳಿ ಲೂಥರ್ ಮಾಡಿದ ಕಾಳಗದಲ್ಲೇ ಆ ಗ್ರಹ, ಅವನ ಹೆಂಡತಿ, ಮಗು ಎಲ್ಲ ನಾಶವಾಗುತ್ತವೆ. ಅವನು ಮತ್ತೆ ಒಂಟಿ.

1986ರಲ್ಲಿ ಜಾನ್ ಬರ್ನ್ ಸೂಪರ್‌ಮ್ಯಾನ್ ಕಥೆಯನ್ನು ಹೊಸದಾಗಿ ಬರೆದಾಗ ಲೂಥರ್ ಕೋಟ್ಯಧೀಶನಾದ, ಕಂಪನಿಯ ಒಡೆಯನಾದ. ಇನ್ನು ಲ್ಯಾಬಿನಲ್ಲಿ ದುಡಿಯುವುದು ಬೇರೆಯವರು. 2016ರ ಸಿನಿಮಾದಲ್ಲಂತೂ ಟಿ-ಶರ್ಟ್ ತೊಟ್ಟ ನಮ್ಮ ಕಣಿವೆಯ ಹುಡುಗನಂತೆಯೇ ಬಂದ; ನಟನೂ ಫೇಸ್‌ಬುಕ್ ಕಥೆಯ ಸಿನಿಮಾದಲ್ಲಿ ನಟಿಸಿದವನೇ. ಕೊನೆಗೂ ಟೀಮ್ ಬಂತು ಎಂದು ನಾವು ಆಸೆಪಟ್ಟೆವು. ಆದರೆ ಆ ಕಂಪನಿಯ ಸಾವಿರಾರು ಎಂಜಿನಿಯರುಗಳಿಗೆ ಮುಖವಿಲ್ಲ, ಮಾತಿಲ್ಲ. ಒಡೆಯನೊಬ್ಬ ಕೆಟ್ಟವನು, ಅಷ್ಟೇ. ಅವರೆಲ್ಲ ಸಂಜೆ ಮನೆಗೆ ಹೋಗಿ ಮಕ್ಕಳ ಹೋಂವರ್ಕ್ ನೋಡುತ್ತಾರೇನೋ.

ನಾವು ನೋಡಿದ್ದೇವೆ. ಕೆಲವು ವರ್ಷಗಳ ಹಿಂದೆ, ಒಂದು ಕಂಪನಿಯಲ್ಲಿದ್ದಾಗ, ನಮ್ಮ ನಾಲ್ವರಿಗೆ ಒಂದು ಕೆಲಸ ಬಂತು. ಎರಡು ಸಾಲಿನ ವಿವರಣೆ: ಇಂತಿಂಥ ಅಂಕಿಗಳನ್ನು ತೆಗೆದುಕೊಂಡು ಒಬ್ಬೊಬ್ಬರಿಗೂ ಒಂದು ಸ್ಕೋರ್ ಕೊಡಬೇಕು. ಕೊಟ್ಟೆವು. ಚೆನ್ನಾಗಿಯೇ ಬರೆದೆವು, ವೇಗವಾಗಿ ಓಡುತ್ತಿತ್ತು, ಹೊಗಳಿಕೆಯ ಇ-ಮೇಲ್ ಬಂತು. ಆ ಸ್ಕೋರ್ ಗೋದಾಮುಗಳಲ್ಲಿ ದುಡಿಯುವವರದು, ಯಾರ ಪಾಳಿ ಕಡಿತ ಮಾಡಬೇಕೆಂದು ನಿರ್ಧರಿಸುವುದಕ್ಕೆ ಎಂದು ತಿಳಿದದ್ದು ಎಂಟು ತಿಂಗಳ ಮೇಲೆ, ಊಟದ ಸಾಲಿನಲ್ಲಿ, ಮಾತಿಗೆ ಮಾತು ಬಂದು. ಕೇಳಬಹುದಿತ್ತೇ? ಕೇಳಬಹುದಿತ್ತು. ಓಕ್ ರಿಜ್‌ನ ಹುಡುಗಿಯರಂತೆ ಕೇಳಬೇಡಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ಗ್ರೀನ್ ಕಾರ್ಡ್ ಅರ್ಜಿ ನಡುದಾರಿಯಲ್ಲಿತ್ತು, ಹೊಸದಾಗಿ ಮನೆಸಾಲ ತೆಗೆದಿದ್ದೆವು. ತಿಳಿದ ಮೇಲೂ ಕೇಳಲಿಲ್ಲ. ಆ ನಾಲ್ವರಲ್ಲಿ ಯಾರ ತಲೆಯೂ ಬೋಳಾಗಿರಲಿಲ್ಲ.

ಮಗನಿಗೆ ಇದನ್ನು ಹೇಳಿದೆವು, ಹೋದ ಭಾನುವಾರ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿಮ್ಮನ್ನ ಹಿಡಿಯೋಕೆ ಯಾರು ಬರ್ತಾರೆ?" ಎಂದ. ಉತ್ತರ ಹೊಳೆಯಲಿಲ್ಲ. ಪಾಪ, ಅವನೇ ಮಾತು ಬದಲಿಸಿದ.

ಅವನಿಗೆ ಬೇರೊಬ್ಬ ವಿಜ್ಞಾನಿಯನ್ನು ತೋರಿಸಬೇಕೆಂದು ತೇಜಸ್ವಿಯವರ 'ಕರ್ವಾಲೋ' ಓದಿ ಹೇಳುತ್ತಿದ್ದೇವೆ, ದಿನಕ್ಕೆ ನಾಲ್ಕೈದು ಪುಟ, ಕಷ್ಟದ ಕಡೆ ಇಂಗ್ಲಿಷಿನಲ್ಲಿ ವಿವರಿಸುತ್ತ. 1980ರ ಈ ಕಾದಂಬರಿಯ ಕರ್ವಾಲೋ ಮೂಡಿಗೆರೆಯಲ್ಲಿದ್ದುಕೊಂಡು ಲಕ್ಷಾಂತರ ವರ್ಷ ಹಿಂದಿನ ಹಾರುವ ಓತಿಯನ್ನು ಹುಡುಕುತ್ತಾರೆ, ಒಂಟಿಯಾಗಿ ಅಲ್ಲ. ಊರವರು ದಡ್ಡನೆಂದುಕೊಂಡ ಮಂದಣ್ಣ, ಪ್ಯಾರ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಎಲ್ಲರೂ ಸೇರಿ ಕಾಡಿಗೆ ಹೊರಡುತ್ತಾರೆ. ಯಾರು ಯಾಕೆ ಬಂದಿದ್ದಾರೆಂಬುದು ಎಲ್ಲರಿಗೂ ಗೊತ್ತಿದೆ. ಜಗಳವಿದೆ, ಬೈಗುಳವಿದೆ, ಕಂಡಾಪಟ್ಟೆ ನಗುವಿದೆ. ಮಗನಿಗೆ ಮಂದಣ್ಣ ಬಹಳ ಹಿಡಿಸಿದ್ದಾನೆ. "ದಿಸ್ ಈಸ್ ಎ ಟೀಮ್" ಎಂದ, ಜೇನಿನ ಭಾಗ ಓದುವಾಗ. ಓತಿ ಸಿಗುತ್ತದೆಯೋ ಇಲ್ಲವೋ ಎಂದು ದಿನವೂ ಪೀಡಿಸುತ್ತಾನೆ, ಹೇಳಿಲ್ಲ.

ತೊಂದರೆಯೆಂದರೆ ನಮ್ಮ ಪ್ರತಿ ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಬಂದದ್ದು, ಕೊನೆಯ ಹತ್ತು ಹದಿನೈದು ಪುಟಗಳು ಕಿತ್ತುಹೋಗಿವೆ. ಮುಂದಿನ ಗೋಷ್ಠಿಗೆ ಬರುವವರಲ್ಲಿ ಯಾರ ಬಳಿಯಾದರೂ ಪೂರ್ತಿ ಪ್ರತಿ ಇದ್ದರೆ ದಯವಿಟ್ಟು ತನ್ನಿ. ಒಂದು ವಾರದಲ್ಲಿ ಹಿಂದಿರುಗಿಸುತ್ತೇವೆ.